ಕೊಡೆ ರಿಪೇರಿಯವರ ರಜೆ

ನಮ್ಮ ಭಾವ ಕೊಡೆ ರಿಪೇರಿ ಮಾಡುವವರು. ಬೇಸಿಗೆಯಲ್ಲಿ ಕೈಯಲ್ಲಿ ಕಾಸಿಲ್ಲ, ಮಳೆಗಾಲದಲ್ಲಿ ಪುರುಸೊತ್ತಿಲ್ಲ. ಹೀಗಾಗಿ ಅಕ್ಕ ಮದುವೆಯಾದಾಗಿನಿಂದ ಎಲ್ಲಿಗೂ ಹೋದವಳಲ್ಲ. ಮಳೆ ಶುರುವಾದರೆ ಊರಿನ ಗಂಡಸರೆಲ್ಲ ಬೇಗ ಮನೆ ಸೇರುತ್ತಾರೆ; ಭಾವ ಮಾತ್ರ ಅಂಗಡಿಯೊಳಗೆ ಮುರಿದ ಕಡ್ಡಿಗಳ ರಾಶಿಯಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ. ಮನುಷ್ಯ ಒಳ್ಳೆಯವರು, ಅನುಮಾನವಿಲ್ಲ. ಆದರೆ ಇಂಥ ಒಳ್ಳೆಯವರನ್ನು ಕಟ್ಟಿಕೊಂಡವರ ಪಾಡು ನೋಡಿ ನನಗೆ ಎಷ್ಟೋ ಸಲ ಮೈ ಉರಿದಿದೆ.

ಈ ವರ್ಷ ನಮ್ಮ ಕಡೆ ಮಳೆ ಬೇಗ ನಿಂತುಹೋಯಿತು. ಅಕ್ಕ ಹಟ ಹಿಡಿದಳು. ವರ್ಷವಿಡೀ ಮಳೆ ಸುರಿಯುವ ಸಮುದ್ರದ ಊರೊಂದಿದೆಯಂತೆ, ಅಲ್ಲಿಗೆ ಹೋಗಬೇಕು ಎಂದಳು. ಮಳೆ ನೋಡಲು ದುಡ್ಡು ಕೊಟ್ಟು ಹೋಗುವುದೇ ಎಂದು ಭಾವ ಕೇಳಿದರಂತೆ. ಅಕ್ಕ ಆಗಲೇ ಬ್ಯಾಗು ತುಂಬಿಯಾಗಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಷರತ್ತು ಹಾಕಿದಳು.

"ಅಲ್ಲಿ ಯಾರ ಕೊಡೆಗೂ ಕೈ ಹಾಕಬಾರದು. ಒಂದೇ ಒಂದು ಮಳೆ ನನ್ನ ಜೊತೆ ಕಳೀರಿ, ಸಾಕು. ಕೈ ಹಾಕಿದ್ರೋ, ಸಂಜೆ ಬಸ್ಸಿಗೆ ನಾನು ಹೊರಟೆ. ಮನೆಗಲ್ಲ, ತಮ್ಮನ ಮನೆಗೆ. ಆಮೇಲೆ ಕರೆಯೋಕೆ ಬಂದ್ರೂ ಬರಲ್ಲ."

ಆ ತಮ್ಮ ನಾನೇ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಅಕ್ಕ ಹೇಳಿದ್ದನ್ನು ಮಾಡದೆ ಬಿಡುವವಳಲ್ಲ. ಅದು ನನಗೂ ಗೊತ್ತು, ಭಾವನಿಗಂತೂ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಬಸ್ಸು ಇಳಿಯುವಾಗ ಜಡಿಮಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡೆ ತಂದಿರಲಿಲ್ಲ. ಅವರ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೊಡೆಗಳಿವೆ, ಎಲ್ಲವೂ ಗಿರಾಕಿಗಳದ್ದು. ಸ್ವಂತದ್ದು ಒಂದೂ ಇಲ್ಲ ಎಂಬುದು ಇಷ್ಟು ವರ್ಷ ಇಬ್ಬರಿಗೂ ಹೊಳೆದಿರಲಿಲ್ಲ.

ಲಾಡ್ಜಿನಲ್ಲಿ ಬ್ಯಾಗು ಇಟ್ಟು ಪೇಟೆಗೆ ಹೊರಟರು. ಆ ಊರಿನ ಅಂಗಡಿಗಳ ಮುಂದೆ ಉದ್ದಕ್ಕೂ ಮಾಡು ಇಳಿಸಿದ್ದಾರೆ, ಅದರಡಿಯಲ್ಲೇ ಅರ್ಧ ಊರು ಸುತ್ತಬಹುದು. ಅಕ್ಕ ಕಂಡದ್ದನ್ನೆಲ್ಲ ನಿಂತು ನೋಡಿದಳು: ತೂಕಕ್ಕೆ ಮಾರುವ ಗುಂಡಿಗಳ ಅಂಗಡಿ, ಹಳೇ ಗಡಿಯಾರಗಳ ಅಂಗಡಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಬೆಕ್ಕು. ಭಾವ ಹೋಗಿಬರುವವರ ತಲೆಯ ಮೇಲೆ ಬಿಚ್ಚಿದ್ದ ಕೊಡೆಗಳನ್ನು ನೋಡಿದರು.

ಕೊಡೆ ಅಂಗಡಿಯೂ ಸಿಕ್ಕಿತು. ಕೈ ಹಾಕಬಾರದೆಂದು ಆಣೆಯಾಗಿತ್ತಲ್ಲ, ಭಾವ ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ನೋಡಿದರು. ಇದರ ಸ್ಪ್ರಿಂಗ್ ಸಡಿಲ, ಅದರ ಹೊಲಿಗೆ ಜಾಳು, ಆ ಮೂಲೆಯದು ಬಿಸಿಲಿಗೂ ಲಾಯಕ್ಕಿಲ್ಲ. ಅಂಗಡಿಯವನು ಮುಖ ಗಂಟಿಕ್ಕಿಕೊಂಡು ಬೇರೆ ಗಿರಾಕಿಯ ಕಡೆ ತಿರುಗಿದ. ಇಬ್ಬರೂ ಬರಿಗೈಯಲ್ಲಿ ಹೊರಗೆ ಬಂದು ಇನ್ನಷ್ಟು ನೆನೆದರು.

ವಸ್ತುಸಂಗ್ರಹಾಲಯಕ್ಕೆ ಹೋದರೆ ಮಳೆಯ ಕಾರಣ ಮುಚ್ಚಿದೆ ಎಂಬ ಬೋರ್ಡು. ದೀಪಸ್ತಂಭ ನೋಡಲು ಹೋದರೆ ಮಳೆಯಲ್ಲಿ ದೀಪಸ್ತಂಭವೇ ಕಾಣಲಿಲ್ಲ. ಅಕ್ಕನಿಗೆ ಅದೂ ಖುಷಿಯೇ. ಕಾಣದ ದೀಪಸ್ತಂಭದ ಕಡೆ ಮುಖ ಮಾಡಿ ಇಬ್ಬರೂ ತುಂಬ ಹೊತ್ತು ನಿಂತರಂತೆ.

ಮಧ್ಯಾಹ್ನ ದೋಣಿಕಟ್ಟೆಯ ಹತ್ತಿರದ ಚಹಾದಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬಳು ನರ್ಸ್ ಚಹಾ ಕುಡಿದು ಎದ್ದಳು. ಡ್ಯೂಟಿಗೆ ಹೊತ್ತಾಗಿತ್ತೇನೋ, ಅವಸರದಲ್ಲಿದ್ದಳು. ಬಾಗಿಲಲ್ಲಿ ಕೊಡೆ ಬಿಚ್ಚಿದರೆ ಒಂದು ಕಡೆ ಜೋತುಬಿತ್ತು. ಕಡ್ಡಿಯ ಕೀಲು ಬಿಟ್ಟಿತ್ತು. ಎಳೆದಳು, ಕೊಡವಿದಳು, ಬೈದಳು. ಹೊರಗೆ ಮಳೆ ಹುಚ್ಚೆದ್ದು ಸುರಿಯುತ್ತಿತ್ತು.

ಭಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತರು. ಹಣೆಯಲ್ಲಿ ಬೆವರು. ಚಹಾ ತಣ್ಣಗಾಗುತ್ತಿತ್ತು, ಕುಡಿಯಲು ಕೈ ಇರಲಿಲ್ಲ. ಅಕ್ಕ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಆ ಹುಡುಗಿಯನ್ನು ನೋಡಿದಳು.

"ಇಲ್ಲಿ ಕೊಡಮ್ಮಾ," ಎಂದಳು.

ಕೊಡೆಯನ್ನು ತಿರುಗಿಸಿ ಮಂಡಿಯ ನಡುವೆ ಹಿಡಿದಳು. ತಲೆಯಿಂದ ಹೇರ್‌ಪಿನ್ ತೆಗೆದು ಹಲ್ಲಿನಲ್ಲಿ ನೆಟ್ಟಗೆ ಮಾಡಿ, ಕೀಲಿನ ತೂತಿಗೆ ಪೋಣಿಸಿ, ತುದಿಗಳನ್ನು ಒಳಕ್ಕೆ ಬಾಗಿಸಿದಳು. ಬಟ್ಟೆಗೆ ತಗಲದಂತೆ ಚಮಚದ ಹಿಡಿಯಿಂದ ತಟ್ಟಿ ಕೂರಿಸಿದಳು. ಬಿಚ್ಚಿ ಮುಚ್ಚಿ ನೋಡಿ ಕೊಟ್ಟಳು. ಹುಡುಗಿ ಕೈಮುಗಿದು ಓಡಿದಳು.

ಭಾವ ಬಾಯಿ ಬಿಟ್ಟುಕೊಂಡು ಕೂತಿದ್ದರು.

"ಇದನ್ನ ಎಲ್ಲಿ ಕಲಿತೆ?"

"ದಿನಾ ಅಂಗಡಿಗೆ ಬುತ್ತಿ ತಂದು, ನೀವು ಕೆಲಸ ಬಿಟ್ಟು ಊಟಕ್ಕೆ ಏಳೋವರೆಗೂ ಬೆನ್ನ ಹಿಂದೆ ಕೂತಿರ್ತಿದ್ದೆನಲ್ಲ. ಹೊರಗೆ ಮಳೆ, ಒಳಗೆ ನಿಮ್ಮ ಕೈ. ನೋಡೋಕೆ ಬೇರೆ ಏನಿತ್ತು?"

"ಒಂದು ದಿನಾನೂ ಹೇಳಲಿಲ್ಲ."

"ನೀವು ಒಂದು ದಿನಾನೂ ತಿರುಗಿ ನೋಡಲಿಲ್ಲ."

ಇದನ್ನು ಅಕ್ಕ ಜಗಳದ ದನಿಯಲ್ಲಿ ಹೇಳಲಿಲ್ಲವಂತೆ. ಜಗಳವಾಗಿದ್ದರೆ ಭಾವನಿಗೆ ಸುಲಭವಾಗುತ್ತಿತ್ತು. "ಅಳು ಬಂತು ಅಂತ ನಾನು ಹೇಳಲ್ಲ," ಎಂದು ಆಮೇಲೆ ನನ್ನ ಹತ್ತಿರ ಹೇಳಿದರು, "ಆದ್ರೆ ಬಂತು."

ಅಲ್ಲಿ ಮಾತ್ರ ಅವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಕೊಡೆಗೆ ಕೈ ಹಾಕಿದ್ದು ನೀನು. ಆ ಲೆಕ್ಕದಲ್ಲಿ ಸಂಜೆ ಬಸ್ಸಿಗೆ ನಾನು ಹೋಗಬೇಕು."

"ಹೋಗಿ."

"ಹೋಗಲ್ಲ."

ಹಾಗೆಂದವರೇ ಅವಳ ಪಕ್ಕದಿಂದ ಎದ್ದು, ಮೇಜು ಸುತ್ತಿಕೊಂಡು ಬಂದು, ಎದುರಿನ ಬೆಂಚಿನಲ್ಲಿ ಕೂತರು. ಹೊರಗಿನ ಮಳೆಗೂ ದಾರಿಯ ಕೊಡೆಗಳಿಗೂ ಈಗ ಅವರ ಬೆನ್ನು.

"ಏನ್ರೀ?" ಎಂದಳು ಅಕ್ಕ.

"ಏನಿಲ್ಲ. ನೋಡ್ತಿದೀನಿ."

ಎಷ್ಟು ಹೊತ್ತು ನೋಡಿದರು ಎಂದು ಅಕ್ಕ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಂಜೆ ಬಸ್ಸಿಗೆ ಮಾತ್ರ ಇಬ್ಬರೂ ಹೋಗಲಿಲ್ಲ.