ಹೊಗೆಕೊಳವೆಯ ಬಿಸಿ

ಮದುವೆಯಾಗಿ ನಾನು ಸಿರಾಕ್ಕೆ ಬಂದಾಗ ಮಾವನವರ ಕಡಲೆಕಾಯಿ ಎಣ್ಣೆ ಮಿಲ್ಲು ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಗೌಡಗೆರೆ ಕಡೆಯ ಗಾಡಿಗಳು ತಂದು ಸುರಿದ ಕಾಯಿ ಅಂಗಳದಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಎಂಜಿನ್ನಿನ ಸದ್ದಿಗೆ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಮೊದಮೊದಲು ಆ ಸದ್ದಿಗೆ ತಲೆನೋವು ಬರುತ್ತಿತ್ತು. ಆಮೇಲೆ ಅದು ನಿಂತರೇ ಏನೋ ಕಳೆದುಕೊಂಡ ಹಾಗೆ ಆಗತೊಡಗಿತು.

ನಮ್ಮವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲೇ ಮುಂದಿನ ಓದಿಗೆ ನಿಲ್ಲಬೇಕು ಎಂದುಕೊಂಡಿದ್ದವರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಎಂಜಿನ್ನಿಗೆ ಹಾಕುವ ಎಣ್ಣೆ ಸಿಗುವುದು ಕಷ್ಟವಾಯಿತು. ಮಾವನವರು ಮಗನನ್ನು ಊರಿಗೆ ಕರೆಸಿಕೊಂಡರು. ಇವರು ಬಂದವರೇ ಮಿಲ್ಲಿನ ಪಕ್ಕದ ಕೊಟ್ಟಿಗೆಯಲ್ಲಿ ಇದ್ದಿಲಿನ ಗ್ಯಾಸ್ ಒಲೆಯೊಂದನ್ನು ಕಟ್ಟಿಸಿದರು. ಆಳೆತ್ತರದ ಕಬ್ಬಿಣದ ಪೀಪಾಯಿ. ಅದರೊಳಗೆ ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಗ್ಯಾಸು ಕೊಳವೆಯಲ್ಲಿ ಹೋಗಿ ಎಂಜಿನ್ನಿನೊಳಗೆ ಸುಡುತ್ತಿತ್ತು. ಪಾವಗಡದ ಕಡೆಯಿಂದ ಇದ್ದಿಲಿನ ಗಾಡಿಗಳು ಬರುತ್ತಿದ್ದವು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವ ಆ ಗಾಡಿಯವರು ಮೈಯೆಲ್ಲ ಕಪ್ಪಾಗಿ ಬಂದು ನಮ್ಮ ಬಾವಿಕಟ್ಟೆಯಲ್ಲಿ ಮುಖ ತೊಳೆದುಕೊಂಡಾಗ ಬೇರೆ ಯಾರೋ ಬಂದು ನಿಂತ ಹಾಗೆ ಕಾಣುತ್ತಿತ್ತು.

ಒಲೆಯನ್ನು ನೋಡಿಕೊಳ್ಳುತ್ತಿದ್ದವರು ಸಿರಾದವರೇ ಆದ ಒಬ್ಬ ಸಾಬರು. ನಡುವಯಸ್ಸಿನವರು, ನಗುಮುಖದವರು. ಅವರು ಇವರನ್ನು ಚಿಕ್ಕ ಸೌಕಾರ್ರೇ ಎನ್ನುತ್ತಿದ್ದರು. ಇವರು ಅವರನ್ನು ಸಾಬ್ರೇ ಎನ್ನುತ್ತಿದ್ದರು. ದಿನವೆಲ್ಲ ಇಬ್ಬರೂ ಆ ಪೀಪಾಯಿಯ ಸುತ್ತಲೇ ಇರುವುದನ್ನು ನೋಡಿ ನಮ್ಮತ್ತೆ, "ಇವನ್ಗೆ ಹೆಂಡ್ತಿ ಯಾತಕ್ ತಂದ್ವೋ" ಎಂದು ನನ್ನೆದುರಿಗೇ ಗೊಣಗುತ್ತಿದ್ದರು.

ಆದರೆ ನಮ್ಮವರು ನನ್ನನ್ನು ಮರೆತಿರಲಿಲ್ಲ. ನಾನು ಮಧುಗಿರಿಯಲ್ಲಿ ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆ, ಲೆಕ್ಕದಲ್ಲಿ ಚುರುಕು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನನಗೂ ತೋರಿಸುತ್ತಿದ್ದರು.

"ಇದ್ದಿಲಿನಲ್ಲಿ ಇರೋ ಬಿಸಿ ಐದು ಪಾಲು ಅಂದ್ಕೋ. ನಮ್ಮ ಗಾಣ ತಿರುಗೋದಕ್ಕೆ ಒಂದು ಪಾಲೂ ಪೂರ್ತಿ ಬರೋದಿಲ್ಲ ಕಣೇ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು ಹೇಳು?"

"ನಿಮ್ಮ ಅಂಗಿಗೆ" ಎಂದೆ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವರು ಜೋರಾಗಿ ನಕ್ಕರು. ಅವರು ಹಾಗೆ ನಗುತ್ತಿದ್ದ ಕಾಲ ಅದು.

ಅವರ ತಲೆಯಲ್ಲಿದ್ದದ್ದು ಬಿಸಿ ಗಾಳಿಯಿಂದ ತಿರುಗುವ ಟರ್ಬೈನು. ಯೂರೋಪಿನಲ್ಲಿ ಅಂಥದ್ದೊಂದು ಕರೆಂಟು ತಯಾರಿಸುತ್ತಿದೆ ಎಂದು ಕಾಲೇಜಿನಲ್ಲಿ ಮೇಷ್ಟರೊಬ್ಬರು ಹೇಳಿದ್ದರಂತೆ. ಹಿಂದೆ ಮುಂದೆ ಕುಟ್ಟುವ ಪಿಸ್ಟನ್ ಇಲ್ಲ. ಗಾಳಿಯನ್ನು ಒತ್ತಿ ಹಿಡಿದು, ಅದರಲ್ಲಿ ಉರಿ ಹಚ್ಚಿ, ಆ ಕಾದ ಗಾಳಿಯನ್ನು ರೆಕ್ಕೆಗಳಿರುವ ಚಕ್ರದ ಮೇಲೆ ಬಿಡುವುದು. ಚಕ್ರ ಸುಮ್ಮನೆ ತಿರುಗುತ್ತಾ ಇರುತ್ತದೆ. "ಹಾಗಾದರೆ ಎಲ್ಲರೂ ಅದನ್ನೇ ಮಾಡಬಹುದಲ್ಲ?" ಎಂದು ಕೇಳಿದೆ.

"ಅಲ್ಲೇ ಇರೋದು ತೊಡಕು. ಗಾಳಿಯನ್ನು ಒತ್ತೋದಕ್ಕೂ ಅದೇ ಚಕ್ರವೇ ದುಡೀಬೇಕು. ಮೂರು ಪಾಲು ದುಡಿದರೆ ಎರಡು ಪಾಲು ಅದಕ್ಕೇ ಹೋಗುತ್ತೆ. ಪಾಲಿಗೆ ಉಳುವವನ ಕಥೆಯೇ. ಮಿಕ್ಕ ಒಂದು ಪಾಲಿನಲ್ಲಿ ಏನು ಬಂತು? ಆದರೆ ಹೊರಗೆ ಹೋಗೋ ಹೊಗೆ ಇನ್ನೂ ಬೆಂಕಿಯ ಹಾಗೆ ಸುಡ್ತಿರುತ್ತಲ್ಲ, ಆ ಬಿಸಿಯಿಂದಲೇ ಒಳಗೆ ಬರೋ ಗಾಳಿಯನ್ನು ಕಾಯಿಸಿದರೆ? ಅಷ್ಟು ಇದ್ದಿಲು ಉಳೀತು."

ಟರ್ಬೈನ್ ಮಾಡುವುದಕ್ಕೆ ಬೇಕಾದ ಉಕ್ಕು ಸಿರಾದಲ್ಲಿ ಎಲ್ಲಿಂದ ಬರಬೇಕು? ಅವರೂ ಸಾಬರೂ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಅಂಗೈಯಗಲದ ಚಕ್ರವೊಂದನ್ನು ಮಾಡಿದರು. ಸಾಬರು ಅದನ್ನು ಒಂದು ತಂತಿಗೆ ಪೋಣಿಸಿ, ತಂತಿಯನ್ನು ಇಕ್ಕಳದಲ್ಲಿ ಹಿಡಿದು ಎಂಜಿನ್ನಿನ ಹೊಗೆಕೊಳವೆಯ ಬಾಯಿಗೆ ಒಡ್ಡಿದರು. ಅದು ಗಿರ್ರನೆ ತಿರುಗಿತು. "ಅರೆರೇ, ನೋಡ್ರಮ್ಮಾ, ಹೆಂಗ್ ತಿರುಗ್ತೈತೆ! ಜಿನ್ನು ಹೊಕ್ಕಂಗೈತೆ ಇದ್ರೊಳ್ಗೆ" ಎಂದು ಅವರು ಕೂಗಿದ್ದು, ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ್ದು, ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ಲೆಕ್ಕವನ್ನೇ ನಮ್ಮವರು ಗ್ಯಾಸ್ ಒಲೆಗೆ ಹಾಕಿದರು. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯ ಕೊಳವೆಗೆ ಇನ್ನೊಂದು ದೊಡ್ಡ ಕೊಳವೆ ತೊಡಿಸಿ, ಒಲೆಗೆ ಹೋಗುವ ಗಾಳಿಯನ್ನು ಆ ಎರಡರ ನಡುವೆ ಹಾಯಿಸಿದರು. ಗಾಳಿ ಕಾದು ಒಳಗೆ ಹೋಗತೊಡಗಿತು. ನಿಜಕ್ಕೂ ಇದ್ದಿಲು ಕಡಿಮೆ ಸಾಕಾಯಿತು. "ಹೊಟ್ಟೆ ತಣ್ಗಾಗೈತೆ ಇದಕ್ಕೆ, ಕಮ್ಮಿ ತಿಂತೈತೆ" ಎಂದು ಸಾಬರು ಗಾಡಿಯವರಿಗೆಲ್ಲ ಹೇಳಿಕೊಂಡು ಬಂದರು. ಮಾವನವರೂ ಮೊದಲ ಸಲ ಮಗನ ಓದನ್ನು ಹೊಗಳಿದರು.

ಚಳಿಗಾಲ ಬಂತು. ಮೂಡಲ ಗಾಳಿ ಕೊಟ್ಟಿಗೆಯೊಳಕ್ಕೆ ನುಗ್ಗಿ ಆ ಕೊಳವೆಯನ್ನು ತಣ್ಣಗೆ ಮಾಡುತ್ತಿತ್ತು. ಕೂಡಿಟ್ಟ ಬಿಸಿಯೆಲ್ಲ ಹಾಳು ಎಂದು ಇವರಿಗೆ ಸಂಕಟ. ತೆರೆದಿದ್ದ ಮೂಡಲ ಮಗ್ಗುಲಿಗೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಇದ್ದಿಲಿನ ಗ್ಯಾಸು ವಿಷ ಎನ್ನುವುದು ಅವರಿಗೂ ಗೊತ್ತಿತ್ತು, ಸಾಬರಿಗೂ ಗೊತ್ತಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ, ಬಂದದ್ದು ತಿಳಿಯುವುದಿಲ್ಲ. ಅದಕ್ಕೆಂದೇ ಸೂರಿನ ಹತ್ತಿರ ಒಂದು ಕಿಂಡಿ ಬಿಡಿಸಿದರು. ಬಾಗಿಲಂತೂ ಇದ್ದೇ ಇತ್ತು. ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದರು.

ಒಂದು ದಿನ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಸಾಬರು ಎಂದಿನಂತೆ ಬಂದು ಒಲೆ ಹಚ್ಚಿ, ಕೈಯಲ್ಲಿ ತಿರುಗಿಸುವ ಬ್ಲೋವರಿನಿಂದ ಗಾಳಿ ಊದುತ್ತಿದ್ದ ಸದ್ದು ಕೇಳಿತು. ಎಂಜಿನ್ ಹತ್ತಿಕೊಳ್ಳುವವರೆಗೆ ಹಾಗೆ ಊದಬೇಕಿತ್ತು. ಸದ್ದು ನಿಂತಿತು. ಎಂಜಿನ್ ಹತ್ತಲಿಲ್ಲ. ಇವರು ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಏನಾಯ್ತು ಇವತ್ತು?" ಎನ್ನುತ್ತ ಎದ್ದು ಹೋದರು.

ಆಮೇಲೆ ಕೇಳಿದ್ದು ಅವರ ಕೂಗು. ನಾನು ಓಡಿದಾಗ ಅವರು ಸಾಬರನ್ನು ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದು ತಂದಿದ್ದರು. ಚಳಿಗೆಂದು ಬಾಗಿಲನ್ನೂ ಎಳೆದುಕೊಂಡಿದ್ದ ಸಾಬರು ಬ್ಲೋವರಿನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದರಂತೆ. ಹೊಸ ಕೊಳವೆ ಒಲೆಗೆ ಸೇರುವ ಬೆಸುಗೆ ಬಿರುಕು ಬಿಟ್ಟಿತ್ತು. ಊದಿದಾಗ ಗ್ಯಾಸು ಅಲ್ಲಿಂದ ಸೋರಿತ್ತು. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ತುಟಿ ಮಾತ್ರ ಎಲೆಅಡಿಕೆ ಹಾಕಿಕೊಂಡವರ ಹಾಗೆ ಕೆಂಪಗಿತ್ತು. ಮಿಲ್ಲಿನ ಆಳೊಬ್ಬ, "ನಿದ್ದೆ ಮಾಡ್ತಾವ್ರೆ ಕಣ್ಲಾ, ನೀರ್ ಚಿಮುಕ್ಸ್ರಿ" ಎಂದ. ಡಾಕ್ಟರು ಬಂದು ಕೈ ಮುಟ್ಟಿ ನೋಡಿ ತಲೆಯಾಡಿಸಿದರು.

ಮಣ್ಣು ಮಾಡಿ ಬಂದ ಮೇಲೆ ನಮ್ಮವರು ಹಾರೆ ತೆಗೆದುಕೊಂಡು ಆ ಗೋಡೆಯನ್ನು ಕೆಡವಿದರು. ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕೈ ಬೊಬ್ಬೆ ಎದ್ದು ಒಡೆದಿತ್ತು. ಮಾವನವರು ಹೆಗಲ ಮೇಲೆ ಕೈಯಿಟ್ಟು, "ಆಗಿದ್ದಾಗೋಯ್ತು, ಬುಡಪ್ಪ. ಅವ್ನ ಹಣೇಬರ" ಎಂದರು.

"ಹಣೆಬರಹ ಅಲ್ಲ ಅಪ್ಪಾಜಿ. ಗೋಡೆ" ಎಂದರು ಇವರು.

ಅಧಿಕಾರಿಗಳು ಬಂದು ನೋಡಿ, ಆಕಸ್ಮಿಕ ಎಂದು ಹೇಳಿ ಹೋದರು. ಯಾರೂ ಇವರನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದುಂಟು. ಮಾವನವರು ಸಾಬರ ಮನೆಗೆ ರಾಗಿ, ಎಣ್ಣೆ ಕಳಿಸುವುದನ್ನು ಕೊನೆಯವರೆಗೂ ತಪ್ಪಿಸಲಿಲ್ಲ. ಇವರು ಮಾತ್ರ ಆ ಬೀದಿಗೇ ಹೋಗುತ್ತಿರಲಿಲ್ಲ.

ವಿಧವೆಯಾದವಳು ಮನೆಯೊಳಗೇ ಇರಬೇಕಾದ ತಿಂಗಳುಗಳು ಮುಗಿದ ಮೇಲೆ ಸಾಬರ ಹೆಂಡತಿಯೇ ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಚಾಪೆ ಹಾಸಿದೆ, ಕೂರಲಿಲ್ಲ.

"ಅವ್ರು ರೋಜಾನಾ ಹೇಳೋರು ಕಣಮ್ಮ, ನಮ್ ಚಿಕ್ ಸೌಕಾರ್ರು ಒಂದ್ ಚಕ್ರ ಮಾಡ್ತಾವ್ರೆ, ಅಂತಾದ್ದು ಈ ಸೀಮೇಲೇ ಇಲ್ಲ ಅಂತ. ಅದು ಮುಗೀತಾ? ಒಂದ್ಸಲ ತೋರ್ಸಿ. ನೋಡ್ಕಂಡು ಹೊಂಟೋಗ್ತೀನಿ."

ಒಳಗೆ ಕೂತಿದ್ದ ಇವರಿಗೆ ಕೇಳಿಸಿತ್ತು. ಅಟ್ಟ ಹತ್ತಿ ಆ ತಗಡಿನ ಚಕ್ರ ತಂದು, ತಲೆ ತಗ್ಗಿಸಿ ಅವರ ಮುಂದೆ ಹಿಡಿದರು. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ದೂಡಿದರು.

"ಇಷ್ಟೇನಾ?" ಎಂದರು. ಹೀಯಾಳಿಸಿ ಅಲ್ಲ, ಸುಮ್ಮನೆ ಕೇಳಿದ್ದು.

"ಇಷ್ಟೇ ತಾಯಿ."

"ಇದು ತಿರುಗ್ತಿತ್ತಾ?"

"ತಿರುಗ್ತಿತ್ತು. ಅವರೇ ಹಿಡಿದಿದ್ದರು" ಎಂದರು ಇವರು. ಆಕೆ ಇನ್ನೇನೂ ಕೇಳದೆ ಚಕ್ರವನ್ನು ಸೆರಗಿನೊಳಗೆ ಸುತ್ತಿಕೊಂಡು ಹೊರಟುಹೋದರು. ನಾನು ಬೀದಿಯ ತಿರುವಿನವರೆಗೂ ಜೊತೆಗೆ ನಡೆದೆ.

ಮರುವರ್ಷ ಮಾವನವರು ಮಿಲ್ಲನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ನಾವು ಮಧುಗಿರಿಗೆ ಬಂದೆವು. ಇವರು ಅಲ್ಲಿ ಲೆಕ್ಕದ ಮೇಷ್ಟರಾದರು. ಒಳ್ಳೆಯ ಮೇಷ್ಟರು ಎಂದೇ ಹೆಸರಾಯಿತು. ಆದರೆ ನನಗೆ ಜಗಲಿಯ ಮೇಲೆ ಗೆರೆ ಎಳೆದು ತೋರಿಸುವುದು ನಿಂತುಹೋಯಿತು. ಒಂದೆರಡು ಸಲ ನಾನೇ ಸೀಮೆಸುಣ್ಣ ತಂದಿಟ್ಟೆ. ಅವರು ಅದನ್ನು ನೋಡಿ, ಎತ್ತಿ ಜೇಬಿಗೆ ಹಾಕಿಕೊಂಡು ಸ್ಕೂಲಿಗೆ ಹೋದರು.

ಯುದ್ಧ ಮುಗಿದ ಮೇಲೆ ಅವರ ಕಾಲೇಜಿನ ಗೆಳೆಯರೊಬ್ಬರು ಬೆಂಗಳೂರಿನಿಂದ ಹುಡುಕಿಕೊಂಡು ಬಂದರು. ಟರ್ಬೈನು ಈಗ ವಿಮಾನವನ್ನೇ ಹಾರಿಸುತ್ತಿದೆ, ಬೆಂಗಳೂರಿನಲ್ಲೂ ಅದರ ಮೇಲೆ ಕೆಲಸ ಶುರುವಾಗುತ್ತದೆ, ನೀನು ಬರಲೇಬೇಕು ಎಂದರು. ಇವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಅಷ್ಟು ಬಿಸಿಯನ್ನು ರೆಕ್ಕೆ ಹೇಗೆ ತಡೆಯುತ್ತೆ?" ಎಂದು ಕೇಳಿದರು. ಗೆಳೆಯರು ಹುರುಪಿನಿಂದ ವಿವರಿಸಿದರು. ಅದನ್ನು ಕೇಳುವಾಗ ಇವರ ಮುಖದಲ್ಲಿ ಹಳೆಯ ಕಳೆ ಬಂದದ್ದನ್ನು ನಾನು ಬಾಗಿಲ ಸಂದಿನಿಂದ ನೋಡಿದೆ. ಹೋಗೋಣ ಎಂದುಬಿಡಲಿ ಎಂದು ಮನಸ್ಸಿನಲ್ಲೇ ಶಿವನನ್ನು ಬೇಡಿಕೊಂಡೆ.

"ಚೆನ್ನಾಗಿದೆ. ನೀವೆಲ್ಲ ಮಾಡಿ" ಎಂದು ಹೇಳಿ ಅವರು ಎದ್ದರು.

ಗೆಳೆಯರನ್ನು ಬಸ್ಸಿಗೆ ಬಿಡಲು ಕೂಡ ಹೋಗಲಿಲ್ಲ, ನಾನೇ ಹೋದೆ. ಕೊರಟಗೆರೆ ಬಸ್ಸು ಹತ್ತುವ ಮುಂಚೆ ಅವರು, "ನಮ್ಮಲ್ಲೆಲ್ಲ ಇವನೇ ಬುದ್ಧಿವಂತ ಕಣಮ್ಮ. ಏನಾಯಿತು ಇವನಿಗೆ?" ಎಂದು ಕೇಳಿದರು. ಬಸ್ಸಿನವನು ಅವಸರ ಮಾಡುತ್ತಿದ್ದ. ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. "ಮನಸ್ಸಿಲ್ಲ ಅವರಿಗೆ" ಎಂದಷ್ಟೇ ಹೇಳಿದೆ.

ಮನೆಗೆ ಬಂದಾಗ ಅವರು ಹುಡುಗರ ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತ ಕೂತಿದ್ದರು.

"ಬಸ್ಸು ಸಿಕ್ಕಿತಾ?" ಎಂದರು, ತಲೆಯೆತ್ತದೆ.

"ಸಿಕ್ಕಿತು" ಎಂದು ಹೇಳಿ, ನಾನು ಅಡುಗೆಗೆ ಹೋದೆ.