ಗ್ಯಾಸ್ ಬಂದೂಕು ಮತ್ತು ನಿಂತುಹೋದ ಬೈಗುಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಿರುವ ಒಂಟಿ ಕೋಣೆಯ ವರ್ಕ್‌ಶಾಪಿನಲ್ಲಿ ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಕೊನೆಗೂ ಹತ್ತಿಕೊಳ್ಳುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು ಸೀರೆಯ ಮೇಲೆ ತೊಟ್ಟ ಅಂಗಿಯ ತೋಳು ಮಡಚಿಕೊಂಡು ಗೋಡೆಯ ಮೊಳೆಗಳಿಗೆ ನೇತುಹಾಕಿದ ಏರ್ ರೈಫಲ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಒಂದರ ಟ್ರಿಗರ್‌ಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆ. ಅದನ್ನು ಗೋಡೆಯಿಂದ ತೆಗೆದು, ಮೂಲೆಯಲ್ಲಿರುವ ಮರಳಿನ ಡಬ್ಬಕ್ಕೆ ಗುರಿ ಹಿಡಿದು ಹಾರಿಸುತ್ತಾರೆ. 'ದಪ್' ಎಂದು ಒಂದೇ ಸದ್ದು. ಕೆಂಪು ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗುತ್ತಾರೆ: "ಇಳಿಸಿದೀನ್ರೀ!"

"ಹೂಂ," ಎನ್ನುತ್ತದೆ ಹೊರಗಿನ ಕುರ್ಚಿ.

ಕುರ್ಚಿಯಲ್ಲಿರುವವರು ಅವರ ಗಂಡ. ಬೀದಿಯ ಮಂದಿಗೆ ಇಂದಿಗೂ ಅವರು ಮೇಸ್ತ್ರಿ. ಆದರೆ ಸ್ಕ್ರೂಡ್ರೈವರ್ ಹಿಡಿಯುವುದು ಈಗ ಹೆಂಡತಿ. ಬೀದಿ ಅವರಿಗೆ ಬಂದೂಕಮ್ಮ ಎಂದು ಹೆಸರಿಟ್ಟಿದೆ. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಈಗ ಪೋಸ್ಟಿನವನೂ ಹಾಗೇ ಕರೆಯುತ್ತಾನೆ, ಅವರೂ ಓಗೊಡುತ್ತಾರೆ. ಗುರಿ ಕಲಿಸುವ ಕ್ಲಬ್ಬಿನ ರೈಫಲ್‌ಗಳು, ಬಲೂನು ಹೊಡೆಸುವವರ ಹಳೇ ರೈಫಲ್‌ಗಳು, ಯಾರದೋ ಅಟ್ಟದ ಮೇಲೆ ತುಕ್ಕು ಹಿಡಿದವು, ಎಲ್ಲವೂ ಕೊನೆಗೆ ಈ ಬೆಂಚಿಗೇ ಬರುತ್ತವೆ. ಕ್ಲಬ್ಬಿನ ಹುಡುಗಿಯರು ಮೆಡಲ್ ಗೆದ್ದಾಗ ಪೇಪರಿನಲ್ಲಿ ಕೋಚ್ ಫೋಟೋ ಬರುತ್ತದೆ. ಬಂದೂಕಮ್ಮ ಆ ಪೇಪರನ್ನು ಬೆಂಚಿನ ಮೇಲೆ ಹಾಸಿ, ಅದರ ಮೇಲೆ ಗ್ರೀಸ್ ಒರೆಸುತ್ತಾರೆ. ಬೇಜಾರಿಗಲ್ಲ, ಹಾಸಲು ಬೇರೆ ಪೇಪರ್ ಇಲ್ಲ.

ದಿನಕ್ಕೆ ಮೂರೋ ನಾಲ್ಕೋ ಬಂದೂಕು ಕೈಗೆ ಸಿಗುತ್ತವೆ, ಕೆಲವು ದಿನ ಒಂದೂ ಇಲ್ಲ. ಮೊದಲು ಹೀಗಿರಲಿಲ್ಲ. ಈಗ ಬರುತ್ತಿರುವವು ಹೆಚ್ಚಿನವು ಗ್ಯಾಸಿನವು. ಹಳೆಯವುಗಳಲ್ಲಿ ಪಿಸ್ಟನ್ನನ್ನು ತಳ್ಳಲು ಉದ್ದನೆಯ ಸ್ಪ್ರಿಂಗ್ ಇರುತ್ತಿತ್ತು. ಇವುಗಳಲ್ಲಿ ಆ ಜಾಗದಲ್ಲಿ ಗ್ಯಾಸ್ ತುಂಬಿ ಮುಚ್ಚಿದ ಪುಟ್ಟ ಸಿಲಿಂಡರ್ ಕೂತಿದೆ. ಯಾವುದು ವಾಸಿ ಎಂದು ಕೇಳಿದರೆ ಬಂದೂಕಮ್ಮ ಪಕ್ಷಪಾತ ಮಾಡುವುದಿಲ್ಲ.

"ಸುಳ್ಳು ಯಾಕೆ ಹೇಳ್ಲಿ? ಸ್ಪ್ರಿಂಗಿನದು ಹಾರಿಸಿದ್ರೆ ಟಣ್ ಅಂತ ಮೈಯೆಲ್ಲ ನಡುಗುತ್ತೆ. ಗ್ಯಾಸಿನದಕ್ಕೆ ಆ ರಂಪ ಇಲ್ಲ. ಹಗುರ ಬೇರೆ. ಭುಜಕ್ಕೂ ಒಳ್ಳೇದು, ಗುರಿಗೂ ಒಳ್ಳೇದು. ಆದ್ರೆ ಹಿಡಿ ಎಳೆಯೋಕೆ ಮೊದಲಿಂದ್ಲೇ ಹಟ ಮಾಡುತ್ತೆ. ಸಣ್ಣ ಮಕ್ಕಳ ಕೈಗೆ ಬಗ್ಗಲ್ಲ. ಆಮೇಲೆ, ಗ್ಯಾಸ್ ಸೋರಿದ್ರೆ ಮುಗೀತು ಕಥೆ. ಆ ಸಿಲಿಂಡರನ್ನ ನಾನೂ ಬಿಚ್ಚೋ ಹಾಗಿಲ್ಲ, ನಮ್ಮಪ್ಪ ಎದ್ದು ಬಂದ್ರೂ ಬಿಚ್ಚೋ ಹಾಗಿಲ್ಲ. ಕಿತ್ತು ಬಿಸಾಕಿ ಹೊಸದು ತರಿಸಬೇಕು. ಸ್ಪ್ರಿಂಗ್ ಹಾಗಲ್ಲ ನೋಡಿ. ನಂಗೆ ಸುಸ್ತಾಗ್ತಿದೆ ಅಂತ ಮೊದಲೇ ಹೇಳುತ್ತೆ, ನಮಗೂ ಒಂದು ಕೆಲಸ ಕೊಡುತ್ತೆ."

ಬಲೂನು ಹೊಡೆಸುವ ಮುದುಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾನೆ. ಅವನ ತಕರಾರೇ ಬೇರೆ. "ನಂಗೆ ಗ್ಯಾಸಿನದು ಬೇಡ ಕಣಮ್ಮಾ. ಬಂದೋರಿಗೆಲ್ಲ ಗುರಿ ಸಿಕ್ಕಿಬಿಡುತ್ತೆ, ಬಲೂನು ಊದಿ ಊದಿ ನನ್ನ ಉಸಿರು ಹೋಗುತ್ತೆ. ಆ ಗಡಗಡ ಅನ್ನೋ ಹಳೇದನ್ನೇ ರಿಪೇರಿ ಮಾಡಿಕೊಡು." ಬಂದೂಕಮ್ಮ ನಗುತ್ತಾರೆ. ಹೊರಗಿನ ಕುರ್ಚಿ ನಗುವುದಿಲ್ಲ.

ಆ ಕುರ್ಚಿ ಒಂದು ಕಾಲಕ್ಕೆ ಇಷ್ಟು ಮೂಕವಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸ್ಪ್ರಿಂಗ್ ಒತ್ತಿ ಹಿಡಿಯಲು ಇನ್ನೊಂದು ಜೊತೆ ಕೈ ಬೇಕೆಂದು ಮೇಸ್ತ್ರಿ ಹೆಂಡತಿಯನ್ನು ಬೆಂಚಿನ ಮುಂದೆ ನಿಲ್ಲಿಸಿಕೊಂಡರು. ಹಿಡಿಯುತ್ತ ಹಿಡಿಯುತ್ತ ಆಕೆ ಕಲಿತರು. ಕಲಿಸಿದ ರೀತಿ ಮಾತ್ರ ಒಂದೇ: ಬೈಗುಳ. "ಲೇ, ಅದು ಬಂದೂಕು ಕಣೇ, ಒಲೆ ಊದೋ ಕೊಳವೆ ಅಲ್ಲ!" "ಲೇ, ವಾಷರ್ ತಿರುಗುಮುರುಗು ಹಾಕಿದೀಯ, ಕಣ್ಣೇನು ಪಕ್ಕದ ಮನೇಲಿ ಬಿಟ್ಟು ಬಂದ್ಯಾ?" ಹೊರಗೆ ಟೀ ಕುಡಿಯುತ್ತಿದ್ದರೂ ಒಳಗೆ ಹಾರಿದ ಬಂದೂಕಿನ ಸದ್ದು ಕೇಳಿಯೇ ಎಲ್ಲಿ ಗ್ರೀಸ್ ಕಡಿಮೆಯಾಗಿದೆ ಎಂದು ಕೂಗಿ ಹೇಳುತ್ತಿದ್ದರು. ಗಿರಣಿಯವನು ಆ ಜುಗಲ್‌ಬಂದಿ ಕೇಳಲೆಂದೇ ಮೋಟಾರು ನಿಲ್ಲಿಸುತ್ತಿದ್ದನಂತೆ. ಆಕೆಯೂ ಸುಮ್ಮನಿರುತ್ತಿದ್ದವರಲ್ಲ, ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದರು. ಮಕ್ಕಳಿಲ್ಲದ ಮನೆ. ಇಬ್ಬರ ಬಾಯೇ ಆ ಮನೆಯ ಗದ್ದಲ.

ಸ್ಪ್ರಿಂಗ್ ಬಂದೂಕಿನ ಕಾಲದಲ್ಲಿ ಈ ಕೋಣೆಗೆ ಒಂದು ಕಟ್ಟುನಿಟ್ಟಿತ್ತು. ಹಾರಿಸಲೆಂದು ಹಿಡಿ ಎಳೆದ ಬಂದೂಕನ್ನು ಎಳೆದಂತೆಯೇ ಇಡುವ ಹಾಗಿಲ್ಲ. ಇಟ್ಟರೆ ಸ್ಪ್ರಿಂಗ್ ಬಳಲುತ್ತದೆ. ಹಾಗಾಗಿ ಬೆಂಚಿನ ಮೇಲೆ ಪಕ್ಕದ ಹಿಡಿ ಹಿಂದಕ್ಕೆ ಎಳೆದು ಗುಂಡು ತುಂಬುವ ಬಾಯಿ ತೆರೆದಿಟ್ಟ ಬಂದೂಕು ಕಂಡರೆ, ಒಳಗಿನದನ್ನೆಲ್ಲ ಬಿಚ್ಚಿ ತೆಗೆದಾಗಿದೆ, ಒರೆಸುವುದೊಂದು ಬಾಕಿ ಎಂದೇ ಅರ್ಥ. ಇದನ್ನು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಅನ್ನ ಕಲಸುವ ಕೈಗೆ ಬಾಯಿ ಎಲ್ಲಿದೆ ಎಂದು ಯಾರೂ ಹೇಳಿಕೊಡುವುದಿಲ್ಲವಲ್ಲ, ಹಾಗೆ.

ಗ್ಯಾಸ್ ಬಂದೂಕಿನ ದೊಡ್ಡ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಎಷ್ಟು ಹೊತ್ತು ಎಳೆದಿಟ್ಟರೂ ಅದಕ್ಕೆ ಬಳಲಿಕೆಯಿಲ್ಲ.

ಮೂರು ವರ್ಷದ ಹಿಂದೆ ಕ್ಲಬ್ಬಿನಿಂದ ಒಂದು ಗ್ಯಾಸ್ ರೈಫಲ್ ಬಂತು. ಸಣ್ಣಗೆ ಸೋರುತ್ತಿದೆಯೇನೋ ಎಂಬ ಅನುಮಾನ. ಅದನ್ನು ಪರೀಕ್ಷೆ ಮಾಡುವ ದಾರಿ ಸುಲಭ. ಸಂಜೆ ಎಳೆದಿಟ್ಟು ಬೆಳಿಗ್ಗೆ ಹಾರಿಸಬೇಕು. ಏಟು ಸಪ್ಪಗಿದ್ದರೆ ಸೋರಿದೆ, ಜೋರಾಗಿದ್ದರೆ ಗ್ಯಾಸ್ ಗಟ್ಟಿಯಾಗಿದೆ. ಬಂದೂಕಮ್ಮ ಸಂಜೆ ಎಳೆದು ಬೆಂಚಿನ ಮೇಲಿಟ್ಟರು. ಬೆಳಿಗ್ಗೆ ತಾವೇ ಮೊದಲು ಬಾಗಿಲು ತೆಗೆಯುವುದು ತಾನೇ ಎಂದುಕೊಂಡರು. ಗಂಡನಿಗೆ ಹೇಳುವುದು ಮರೆತರು.

ಆ ಬೆಳಿಗ್ಗೆ ಮೇಸ್ತ್ರಿ ಮೊದಲು ಬಂದರು. ಬಾಯಿ ತೆರೆದ ಬಂದೂಕು ಕಂಡಿತು. ಹೆಂಡತಿ ಒರೆಸದೆ ಹೋಗಿದ್ದಾಳೆ, ಇವತ್ತು ಬೈಯಲು ಒಳ್ಳೇ ಕಾರಣ ಸಿಕ್ಕಿತು ಎಂದುಕೊಂಡಿರಲೂಬಹುದು. ಬಟ್ಟೆಯ ಚೂರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಳಗೆ ತೂರಿಸಿದರು. ಇನ್ನೊಂದು ಕೈ ಟ್ರಿಗರ್‌ಗೆ ತಾಗಿತು. ತೆರೆದಿದ್ದ ಬಾಯಿ ರಪ್ಪನೆ ಮುಚ್ಚಿಕೊಂಡಿತು.

ಬಂದೂಕಮ್ಮ ಆಗ ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು.

"ಸದ್ದು ಕೇಳಿಸ್ತು. ಜೋರಾಗೇ ಕೇಳಿಸ್ತು. ನಂಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಅಬ್ಬ, ಗ್ಯಾಸ್ ಸೋರಿಲ್ಲ ಅಂತ." ಅವರು ಕೈಯಲ್ಲಿರುವ ಸ್ಕ್ರೂಡ್ರೈವರನ್ನು ನೋಡುತ್ತ ಹೇಳುತ್ತಾರೆ. "ಖುಷಿಯಾಯ್ತು ನಂಗೆ. ಮುಖ ಒರೆಸ್ಕೊಂಡು ನಿಧಾನಕ್ಕೆ ಒಳಗೆ ಬಂದೆ."

ಬಲಗೈಯ ಹೆಬ್ಬೆರಳು ಹೋಯಿತು. ತೋರುಬೆರಳಿನ ತುದಿಯೂ ಹೋಯಿತು. ಉಳಿದ ಬೆರಳುಗಳಲ್ಲಿ ಲೋಟ ಹಿಡಿಯಬಹುದು, ಸ್ಕ್ರೂ ಹಿಡಿಯಲಾಗದು. ಕ್ಲಬ್ಬಿನವರು ಆಸ್ಪತ್ರೆಗೆ ಹಣ್ಣು ತಂದುಕೊಟ್ಟು, ಬಂದೂಕು ಸರಿಯಾಗಿದೆಯಲ್ಲ ಎಂದು ಕೇಳಿ ತೆಗೆದುಕೊಂಡು ಹೋದರು. ಸರಿಯಾಗಿಯೇ ಇತ್ತು.

ಆಸ್ಪತ್ರೆಯ ಮಂಚದ ಪಕ್ಕ ಕೂತು ಬಂದೂಕಮ್ಮ ಬೈಗುಳಕ್ಕಾಗಿ ಕಾದರು. ಬರಲಿಲ್ಲ. ನೋವು ಇಳಿದ ಮೇಲೆ ಬೈಯುತ್ತಾರೆ ಎಂದುಕೊಂಡರು. ಮನೆಗೆ ಬಂದ ಮೇಲೆ ಬೈಯುತ್ತಾರೆ ಎಂದುಕೊಂಡರು. ಗಾಯ ಮಾಯಿತು. ಮೇಸ್ತ್ರಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ವರ್ಕ್‌ಶಾಪಿಗೆ ಬೆನ್ನು ಮಾಡಿ ಕೂತರು. ಅಂದಿನಿಂದ ಒಳಗೆ ಕಾಲಿಟ್ಟಿಲ್ಲ.

"ಯಾಕೆ ಎಳೆದಿಟ್ಟೆ ಅಂತ ಒಂದು ಮಾತು ಕೇಳಿಲ್ಲ. ಈಗ ನನ್ನ 'ಬಾಮ್ಮ, ಹೋಗಮ್ಮ' ಅಂತಾರೆ. ಹೊರಗಿನೋರ ಜೊತೆ ಮಾತಾಡೋ ಹಾಗೆ. ಯಾರ ಹತ್ರ ಹೇಳ್ಕೊಳ್ಳಲಿ? ನಿನ್ನ ಗಂಡ ದೇವರಂಥೋನು ಅಂತಾರೆ ಎಲ್ಲ. ದೇವರ ಜೊತೆ ಸಂಸಾರ ಮಾಡೋದು ಎಷ್ಟು ಕಷ್ಟ ಅಂತ ಅವರಿಗೇನು ಗೊತ್ತು."

ಕೆಂಪು ಬಟ್ಟೆ ಶುರುವಾದದ್ದು ಆಮೇಲೆ. ಎಳೆದಿಟ್ಟ ಬಂದೂಕಿಗೆ ಕೆಂಪು ಚೂರು, ಹಾರಿಸಿ ಇಳಿಸಿದ ಮೇಲೆ ಕೂಗು. ಕ್ಲಬ್ಬಿನಲ್ಲೂ ಈಗ ಇದೇ ರೂಢಿ. ಇದನ್ನು ಶುರುಮಾಡಿದವರು ಯಾರು ಎಂದು ಅಲ್ಲಿನ ಹುಡುಗಿಯರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಎನ್ನುತ್ತಾರೆ ಬಂದೂಕಮ್ಮ. "ಅವರ ಬೆರಳು ಅವರ ಹತ್ರ ಇರ್ಲಿ, ಅಷ್ಟೇ."

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿದೆ. ಬಲೂನಿನ ಮುದುಕನ ಬಂದೂಕಿಗೆ ಹೊಸ ಸ್ಪ್ರಿಂಗ್ ಕೂರಿಸುವ ಕೆಲಸ ಮುಗಿಯುತ್ತ ಬಂತು. ಗ್ರೀಸಿನ ಡಬ್ಬಿ ಕೈಯಳತೆಯಲ್ಲೇ ಇದೆ. ಬಂದೂಕಮ್ಮ ಅದರ ಕಡೆ ಒಮ್ಮೆ ನೋಡಿ, ಮುಟ್ಟದೆ, ಒಣ ಸ್ಪ್ರಿಂಗನ್ನು ಹಾಗೇ ಒಳಗೆ ಹಾಕಿ ಸ್ಕ್ರೂ ಬಿಗಿಯುತ್ತಾರೆ. ಮರಳಿನ ಡಬ್ಬಕ್ಕೆ ಗುರಿ ಹಿಡಿದು ಹಾರಿಸುತ್ತಾರೆ.

ಪಾತ್ರೆಯ ಅಟ್ಟ ಕಳಚಿ ಬಿದ್ದಂಥ ಸದ್ದು. ಗಿರಣಿಯವನು ಇಣುಕಿ ನೋಡಿ ಹೋಗುತ್ತಾನೆ. ಬಲೂನಿನ ಮುದುಕ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ಬಂದೂಕಮ್ಮ ಅಲ್ಲಾಡದೆ ಬಾಗಿಲನ್ನೇ ನೋಡುತ್ತಾರೆ. ಕುರ್ಚಿಯ ಮೇಲಿನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ತಲೆ ಇಷ್ಟೇ ಇಷ್ಟು ಇತ್ತ ತಿರುಗುತ್ತದೆ. ಮತ್ತೆ ಅತ್ತ ಹೋಗುತ್ತದೆ.

"ಚೆನ್ನಾಗಿದೆಯಮ್ಮ," ಎನ್ನುತ್ತಾರೆ ಮೇಸ್ತ್ರಿ.

ಬಂದೂಕಮ್ಮ ಬಂದೂಕನ್ನು ಮತ್ತೆ ಬೆಂಚಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಈಗ ತಾನೇ ಬಿಗಿದ ಸ್ಕ್ರೂಗಳನ್ನು ಬಿಚ್ಚತೊಡಗುತ್ತಾರೆ. ಗ್ರೀಸಿನಲ್ಲಿ ಬೆರಳದ್ದಿ ಸ್ಪ್ರಿಂಗಿನ ಸುತ್ತು ಸುತ್ತಿಗೂ ಸವರುತ್ತಾರೆ. ಕಣ್ಣು ಒರೆಸಿಕೊಳ್ಳಲು ಕೈ ಸ್ವಚ್ಛವಿಲ್ಲ, ತೋಳಿಗೆ ಮುಖ ಒತ್ತುತ್ತಾರೆ.

"ಬೇಕು ಅಂತ್ಲೇ ಮಾಡ್ದೆ," ಎನ್ನುತ್ತಾರೆ ಸಣ್ಣ ದನಿಯಲ್ಲಿ, ಹೊರಗೆ ಕೇಳಿಸದಂತೆ. "ಬಂದೂಕು ಹಾಳಾಗೋಕೆ ಬಿಡಲ್ಲ, ಸರಿ ಮಾಡೇ ಕೊಡ್ತೀನಿ. ಒಂದು ಸಲ 'ಲೇ' ಅಂದ್ರೆ ಸಾಕಿತ್ತು. ನಾಳೆ ವಾಷರ್ ಹಾಕದೇ ಹಾರಿಸಿ ನೋಡ್ತೀನಿ. ಅದಕ್ಕಾದ್ರೂ ಬೈಯದೆ ಇರ್ತಾರಾ?"