ಅತ್ತೆ ಆರಿಸಿದ ಭಾಷೆ

ಹೋದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೂಳೆ ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಸೊಸೆ ಚೌಕಾಬಾರ ಆಡಲೇಬೇಕು. ಈಗ ಕವಡೆ ಹಿಡಿಯಲಾಗದೆ ಅವರು ಆಟವನ್ನೇ ಬಿಟ್ಟರು. ಎಡಗೈಯಲ್ಲಿ ಹಾಕುವುದು ಅಶುಭವಂತೆ. ನಾನೇ ಹಾಕುತ್ತೇನೆ ಅಂದರೆ, "ನಿನ್ನ ಕೈಯಲ್ಲಿ ಬಿದ್ದಿದ್ದು ನನ್ನ ಆಟನಾ?" ಅಂತ ಮುಖ ತಿರುಗಿಸಿದರು.

ಆ ಬೆರಳು ಗುಂಡಿ ಒತ್ತಬಲ್ಲದು. ಹಾಗಾಗಿ ಚೌಕಾಬಾರವನ್ನು ಕಂಪ್ಯೂಟರಿನಲ್ಲಿ ಮಾಡಿಬಿಡೋಣ ಅನ್ನಿಸಿತು. ನಾನು ಮನೆಯಲ್ಲಿ ರವಿಕೆ ಹೊಲಿಯುವವಳು, ಹುಂಬ ಧೈರ್ಯಕ್ಕೇನೂ ಕಡಿಮೆಯಿಲ್ಲ. ಜಯನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗಿ, ಆಟದ ಪ್ರೋಗ್ರಾಮ್ ಬರೆಯಲು ಯಾವ ಭಾಷೆ ಕಲಿಯಬೇಕು ಅಂತ ಕೇಳಿದೆ.

"ಗೇಮ್ ಅಂದ್ರೆ ಸಿ ಪ್ಲಸ್ ಪ್ಲಸ್ಸೇ ಮೇಡಂ. ಒಂದು ವರ್ಷ ಕಲೀರಿ, ಆಮೇಲೆ ನೋಡೋಣ" ಅಂದರು ಅಲ್ಲಿನ ಮೇಷ್ಟ್ರು. ನಮ್ಮ ಯಜಮಾನರು ಆಫೀಸಿನಲ್ಲಿ ವಿಚಾರಿಸಿ ಬಂದು "ಸಿ ಶಾರ್ಪ್" ಅಂದರು. ಇಂಟರ್ನೆಟ್ಟಿನಲ್ಲಿ ಕೆಲವರು ಪೈಥಾನ್ ಅನ್ನುತ್ತಿದ್ದರು. ಯಾವ ಭಾಷೆ, ಯಾವ ಭಾಷೆ ಅಂತಲೇ ಮೂರು ತಿಂಗಳು ಕಳೆದೆ. ಒಂದು ದಿನ ಅತ್ತೆ ರೇಗಿದರು.

"ಯಾವ ಭಾಷೆ ಅಂತ ಅದೇನ್ ಒದ್ದಾಡ್ತೀಯೇ? ನಮಗೆ ಬರೋದೇ ಕನ್ನಡ. ಅದ್ರಲ್ಲೇ ಮಾಡು!"

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೂ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹುಡುಕಿದಾಗ ಗೊತ್ತಾಯಿತು: ಪೈಥಾನಿನ ಸ್ವಂತ ಪದಗಳು ಇಂಗ್ಲಿಷಿನವೇ, ಆದರೆ ಪ್ರೋಗ್ರಾಮಿನಲ್ಲಿ ಕಾಯಿಗೆ, ಲೆಕ್ಕಕ್ಕೆ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು! ಅಲ್ಲಿಗೆ ನನ್ನ ಗೊಂದಲ ಮುಗಿಯಿತು. ಮಗಳ ಹಳೇ ಲ್ಯಾಪ್‌ಟಾಪ್ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಎರಡು ತಿಂಗಳಲ್ಲಿ ಆಟ ಸಿದ್ಧವಾಯಿತು.

ಅತ್ತೆ ಬಲಗೈ ಬೆರಳಲ್ಲಿ ಗುಂಡಿ ಒತ್ತಿದರು. ಎಂಟು, ಅಂದರೆ ಬಾರ. ಇನ್ನೊಂದು ಸಲ, ಮತ್ತೆ ಬಾರ. ನನಗೋ ಸಂಭ್ರಮ. ಅವರು ಹುಬ್ಬು ಗಂಟಿಕ್ಕಿದರು.

"ಬಾರ ಇಷ್ಟು ಸಲೀಸಾಗಿ ಬೀಳಲ್ಲ."

"ಕಂಪ್ಯೂಟರ್ ತಪ್ಪು ಮಾಡಲ್ಲ ಅತ್ತೆ."

"ಏನು ಬರ್ದಿದೀಯ, ತೋರ್ಸು."

ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು: 'ಬಿದ್ದದ್ದು' ಅಂತ ಇತ್ತು, ಮುಂದೆ ಒಂದು, ಎರಡು, ಮೂರು, ನಾಲ್ಕು, ಎಂಟು. ಈ ಐದರಲ್ಲಿ ಯಾವುದೋ ಒಂದನ್ನು ಕಂಪ್ಯೂಟರ್ ಎತ್ತಿಕೊಳ್ಳುತ್ತದೆ ಅಂತ ವಿವರಿಸಿದೆ.

"ಇದು ಚೀಟಿ ಎತ್ತೋದು ಕಣೇ, ಕವಡೆ ಹಾಕೋದಲ್ಲ. ನಾಲ್ಕು ಕವಡೇನೂ ಬೇರೆಬೇರೆ ಉರುಳ್ಬೇಕು. ನಾಲ್ಕೂ ಬೋರಲು ಬಿದ್ರೆ ತಾನೇ ಬಾರ?"

ಐದನೇ ಕ್ಲಾಸು ಓದಿದ ಅತ್ತೆ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹಿಡಿದಿದ್ದರು! ಅವಮಾನವಾಗಬೇಕಿತ್ತು, ಹೆಮ್ಮೆಯಿಂದ ಕಣ್ಣು ತುಂಬಿತು. ಅವರು ಹೇಳಿದ ಹಾಗೇ ತಿದ್ದಿದೆ.

ಅವತ್ತು ಅವರ ನಾಲ್ಕೂ ಕಾಯಿ ನಡುಮನೆ ಸೇರಿ ಹಣ್ಣಾದವು. ನನ್ನದು ಒಂದೂ ಆಗಲಿಲ್ಲ. "ಗೆದ್ದಿದ್ದು ನನ್ನ ಕೈ!" ಅಂತ ಅತ್ತೆ ಮಡಚದ ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು.

ಆಟ ಮಾಡಲು ಮೊದಲು ಯಾವ ಭಾಷೆ ಕಲಿಯಬೇಕು ಅಂತ ಈಗ ನಮ್ಮ ಬೀದಿಯವರು ನನ್ನನ್ನೇ ಕೇಳುತ್ತಾರೆ. ಯಾರಿಗಾಗಿ ಆಟ ಮಾಡುತ್ತೀರೋ ಅವರು ಓದಿ ಬೈಯಬಲ್ಲ ಭಾಷೆ ಅನ್ನುತ್ತೇನೆ.